ಹಕ್ಕಿಗೆಂಥಾ ಗ್ಯಾರಂಟಿ?

ಕಳೆದ ಡಿಸೆಂಬರಿನ ಒಂದು ಭಾನುವಾರ ಬೆಳಗ್ಗೆ ಜಕ್ಕೂರು ಕೆರೆಯ ಏರಿಯ ಮೇಲೆ ಒಬ್ಬ ಹುಡುಗನ ಪರಿಚಯವಾಯಿತು. ಬಿ.ಎಸ್ಸಿ. ಎರಡನೇ ವರ್ಷ. ಕೊರಳಲ್ಲಿ ಯಾರೋ ಕೊಟ್ಟ ಹಳೆಯ ಬೈನಾಕ್ಯುಲರ್, ಜೇಬಿನಲ್ಲಿ ನೂರು ಪುಟದ ನೋಟ್‌ಬುಕ್. ಕೆಸರಿನಲ್ಲಿ ಓಡಾಡುತ್ತಿದ್ದ ಎರಡು ಗದ್ದೆಗೊರವಗಳನ್ನು ನಾನು ಒಂದೇ ಜಾತಿ ಅಂದುಕೊಂಡಿದ್ದೆ. ಅವನು ಬಾಲ ಕುಣಿಸುವ ರೀತಿ ನೋಡಿ ಎಂದು ತೋರಿಸಿ ನನ್ನನ್ನು ತಿದ್ದಿದ. "ಒಳ್ಳೇ ಬರ್ಡರ್ ಕಣಪ್ಪಾ ನೀನು" ಅಂದೆ. "ಅಯ್ಯೋ ಇಲ್ಲ ಸಾರ್, ನಾನು ಸುಮ್ನೆ ನೋಡೋನು. ಬರ್ಡಿಂಗ್ ಎಲ್ಲ ದುಡ್ಡಿರೋರ್ದು. ಥಾಯ್ಲೆಂಡಿಗೆ ಹೋಗೋ ಆಸೆ ಇತ್ತು, ಪ್ಯಾಕೇಜ್ ರೇಟ್ ಕೇಳಿ ಬಿಟ್ಬಿಟ್ಟೆ" ಅಂದ.

ಈ ಬರಹ ಆ ಮಾತಿನ ಜೊತೆಗಿನ ಜಗಳ. ಹುಡುಗನ ಜೊತೆಗಲ್ಲ, ಅವನ ಬಾಯಲ್ಲಿ ಆ ಮಾತು ಬರುವಂತೆ ಮಾಡಿದವರ ಜೊತೆಗೆ.

ಹಕ್ಕಿ ನೋಡುವುದು ನಮ್ಮೂರಲ್ಲಿ ದುಡ್ಡಿರುವವರ ಹವ್ಯಾಸವಾಗಿ ಶುರುವಾದದ್ದಲ್ಲ. 1972ರಲ್ಲಿ ಹುಟ್ಟಿದ ಬೆಂಗಳೂರಿನ ಪಕ್ಷಿವೀಕ್ಷಕರ ಕ್ಲಬ್ ತಿಂಗಳ ಎರಡನೇ ಭಾನುವಾರ ಲಾಲ್‌ಬಾಗಿನಲ್ಲಿ ಸೇರುವ ಪದ್ಧತಿ ಬೆಳೆಸಿತು. ಬಂದವರಿಗೆಲ್ಲ ಅಲ್ಲಿ ಜಾಗವಿತ್ತು. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತೋಟದಲ್ಲಿ ಕೂತು ಕನ್ನಡದ ಓದುಗರಿಗೆ ಹಕ್ಕಿಗಳ ಹುಚ್ಚು ಹತ್ತಿಸಿದರು. 'ಹಕ್ಕಿಪುಕ್ಕ' ಓದಿ ಎಷ್ಟೋ ಮಂದಿ ಹಿತ್ತಲಿನ ಪಿಕಳಾರವನ್ನು ಮೊದಲ ಸಲ ಕಣ್ಣಿಟ್ಟು ನೋಡಿದರು. ಅದಕ್ಕೆ ಯಾರೂ ರಸೀದಿ ಹರಿದಿರಲಿಲ್ಲ.

ಈಗ ನೋಡಿ. ಜಾಹೀರಾತಿನಲ್ಲಿ ದಿನಗಳ ಲೆಕ್ಕದ ಪಕ್ಕದಲ್ಲೇ ಹಕ್ಕಿಗಳ ಲೆಕ್ಕ ಇರುತ್ತದೆ: ಇಷ್ಟು ದಿನಕ್ಕೆ ಇಷ್ಟು ಜಾತಿ ಗ್ಯಾರಂಟಿ. ಹಕ್ಕಿಗೆಂಥಾ ಗ್ಯಾರಂಟಿ? ಗ್ಯಾರಂಟಿ ಕೊಡಬೇಕಾದರೆ ಹಕ್ಕಿ ಹೇಳಿದ ಹೊತ್ತಿಗೆ ಹೇಳಿದ ಕೊಂಬೆಗೆ ಬರಬೇಕು. ಬರಬೇಕಾದರೆ ಅಲ್ಲಿ ಹುಳ ಇಡಬೇಕು, ನೀರು ಇಡಬೇಕು, ಧ್ವನಿಮುದ್ರಿಕೆ ಹಾಕಿ ಕರೆಯಬೇಕು. ಮರೆಯಲ್ಲಿ ಕೂತ ಹತ್ತು ಮಂದಿ ಒಂದೇ ಕೊಂಬೆಯ ಮೇಲಿನ ಒಂದೇ ಹಕ್ಕಿಯ ಒಂದೇ ಚಿತ್ರ ತೆಗೆದುಕೊಂಡು ಎದ್ದು ಬರುತ್ತಾರೆ. ಗಾಡಿ ಮುಂದಿನ ಮರೆಗೆ ಹೊರಡುತ್ತದೆ. ಆ ಊರಿನ ಹೆಸರು ಕೇಳಿದರೆ ಕೆಲವರಿಗೆ ನೆನಪಿರುವುದಿಲ್ಲ. ಇದು ಅವರಿಷ್ಟ ಎಂದು ನಾನೂ ಸುಮ್ಮನಿರುತ್ತಿದ್ದೆ. ಆದರೆ ಇದೇ ನಿಜವಾದ ಬರ್ಡಿಂಗ್, ಉಳಿದದ್ದು 'ಸುಮ್ನೆ ನೋಡೋದು' ಅನ್ನುವ ಭಾವನೆ ಕೆರೆ ಏರಿಯವರೆಗೂ ಬಂದು ಮುಟ್ಟಿದ್ದರಿಂದ ಬರೆಯಬೇಕಾಯಿತು.

ಆ ಹುಡುಗ ಥಾಯ್ಲೆಂಡಿಗೆ ಹೋಗಬಹುದು. ತಾನೇ ಯೋಜಿಸಿಕೊಂಡು, ಒಬ್ಬಿಬ್ಬರು ಗೆಳೆಯರ ಜೊತೆ, ರೈಲು ಬಸ್ಸುಗಳಲ್ಲಿ. ಇದು ಹುಮ್ಮಸ್ಸು ತುಂಬಲು ಹೇಳುವ ಮಾತಲ್ಲ, ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ.

ಪ್ಯಾಕೇಜಿನವರು ದೊಡ್ಡ ವಿದ್ಯೆಯೆಂಬಂತೆ ಮಾರುವ ಮಾಹಿತಿಯಲ್ಲಿ ಬಹುಪಾಲು ಪುಕ್ಕಟೆ ಸಿಗುತ್ತದೆ. ಇ-ಬರ್ಡ್ ತಾಣದಲ್ಲಿ ಯಾವ ಜಾಗದಲ್ಲಿ ಯಾವ ವಾರ ಯಾವ ಹಕ್ಕಿ ಎಷ್ಟು ಸಲ ಕಂಡಿದೆ ಎಂಬ ಪಟ್ಟಿ ಇದೆ. ಮರ್ಲಿನ್ ಆ್ಯಪಿನಲ್ಲಿ ಆ ದೇಶದ ಹಕ್ಕಿಗಳ ಕಂತೆಯನ್ನು ಮನೆಯಲ್ಲೇ ಇಳಿಸಿಕೊಂಡರೆ ಕಾಡಿನಲ್ಲಿ ನೆಟ್‌ವರ್ಕ್ ಬೇಕಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಅಲ್ಲಿ ಮಳೆ ಕಡಿಮೆ, ವಲಸೆ ಹಕ್ಕಿಗಳೂ ಬಂದಿರುತ್ತವೆ. ನಮ್ಮ ಸೆಮಿಸ್ಟರ್ ರಜೆಯೂ ಹೆಚ್ಚುಕಡಿಮೆ ಆಗಲೇ. ಭಾರತೀಯರ ವೀಸಾ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಕೊಳ್ಳುವ ಮೊದಲು ಅವರ ರಾಯಭಾರ ಕಚೇರಿಯ ಪುಟವನ್ನೇ ನೋಡಬೇಕು. 2025ರ ಮೇ ತಿಂಗಳಿಂದ ಹೊರಡುವ ಮುನ್ನ ಡಿಜಿಟಲ್ ಆಗಮನ ಕಾರ್ಡ್ ತುಂಬಬೇಕು. ಅದಕ್ಕೆ ಸರ್ಕಾರದ ತಾಣದಲ್ಲಿ ಶುಲ್ಕವಿಲ್ಲ, ದುಡ್ಡು ಕೇಳುವ ತಾಣಗಳಿಂದ ದೂರವಿರಿ.

ದಾರಿಯೂ ಗೋಜಲಿನದಲ್ಲ. ಬ್ಯಾಂಕಾಕಿನಿಂದ ದಕ್ಷಿಣಕ್ಕೆ ಹೋಗುವ ರೈಲಿನಲ್ಲಿ ಪೆಚ್ಚಬುರಿ. ಅಲ್ಲಿಂದ ಬಾಡಿಗೆ ಗಾಡಿಯಲ್ಲಿ ಪಾಕ್ ತಲೇ ಎಂಬಲ್ಲಿನ ಉಪ್ಪಿನ ಗದ್ದೆಗಳು. ಮತ್ತೆ ಬ್ಯಾಂಕಾಕಿಗೆ ಬಂದು ಇನ್ನೊಂದು ರೈಲಿನಲ್ಲಿ ಪಾಕ್ ಚೊಂಗ್. ಅಲ್ಲಿ ಹಿಂದೆ ಎರಡು ಬೆಂಚು ಹಾಕಿದ ಸಾಂಗ್‌ತೇವ್ ಎಂಬ ಟೆಂಪೋ ಹತ್ತಿದರೆ ಖಾವ್ ಯಾಯ್ ಕಾಡಿನ ಗೇಟು. 1962ರಲ್ಲಿ ಘೋಷಣೆಯಾದ ಇದು ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನ. ವಿದೇಶಿಯರಿಗೆ ಪ್ರವೇಶ ಶುಲ್ಕ 400 ಬಾತ್, ಒಳಗೆ ಟೆಂಟ್ ಬಾಡಿಗೆಗೆ ಸಿಗುತ್ತದೆ. ಇನ್ನೂ ದಿನಗಳಿದ್ದರೆ ರಾತ್ರಿ ರೈಲಿನಲ್ಲಿ ಚಿಯಾಂಗ್ ಮಾಯ್, ಅಲ್ಲಿಂದ 2,565 ಮೀಟರ್ ಎತ್ತರದ ದೋಯ್ ಇಂಥನಾನ್ ಬೆಟ್ಟ. ದೊಡ್ಡ ಖರ್ಚು ವಿಮಾನದ್ದು. ಇದಕ್ಕೂ ದುಡ್ಡು ಬೇಕು, ನಿಜ. ಆದರೆ ಒಂದೆರಡು ವರ್ಷ ಟ್ಯೂಷನ್ ಹೇಳಿ ಕೂಡಿಡಬಹುದಾದ ದುಡ್ಡಿಗೂ ಸಾಲ ಮಾಡಿ ಕೊಡಬೇಕಾದ ದುಡ್ಡಿಗೂ ಇರುವ ಅಂತರ ವಿದ್ಯಾರ್ಥಿಗೆ ಸಣ್ಣದಲ್ಲ.

"ಗೈಡ್ ಇಲ್ಲದೆ ಹೋದರೆ ಅರ್ಧ ಹಕ್ಕಿಯೂ ಕಾಣುವುದಿಲ್ಲ" ಎಂದು ಅನುಭವಸ್ಥರು ಹೇಳುತ್ತಾರೆ. ಒಪ್ಪುತ್ತೇನೆ, ಕಡಿಮೆ ಕಾಣುತ್ತವೆ. ಒಂದು ದಿನದ ಮಟ್ಟಿಗೆ ಆ ಊರಿನವನನ್ನೇ ಗೈಡಾಗಿ ಕರೆದುಕೊಳ್ಳಿ, ದುಡ್ಡು ಅವನ ಕೈಗೇ ಹೋಗಲಿ. ಉಳಿದ ದಿನ ಕಂಡಷ್ಟು ಕಾಣಲಿ. ತಾನೇ ಒಂದು ಗಂಟೆ ಕಾದು, ಪುಸ್ತಕ ತಿರುವಿ, ತಪ್ಪಾಗಿ ಗುರುತಿಸಿ, ಮರುದಿನ ತಿದ್ದಿಕೊಂಡ ಹಕ್ಕಿ ಮರೆಯುವುದಿಲ್ಲ. ಇನ್ನೊಬ್ಬರು ಬೆರಳು ತೋರಿಸಿದ ಹಕ್ಕಿ ಪಟ್ಟಿಯಲ್ಲಿ ಉಳಿಯುತ್ತದೆ.

ಇದರ ಎದುರು ದಿಕ್ಕಿನಿಂದಲೂ ಒಂದು ಮಾತು ಬರುತ್ತದೆ: ಹೆಬ್ಬಾಳ ಕೆರೆ ಇರುವಾಗ ಥಾಯ್ಲೆಂಡ್ ಯಾಕೆ, ವಿಮಾನದ ಹೊಗೆ ಬೇರೆ. ಈ ಮಾತಿನಲ್ಲಿ ತೂಕವಿದೆ. ಆದರೆ ಇದನ್ನು ನಾನು ಹೆಚ್ಚಾಗಿ ಕೇಳಿರುವುದು ಈಗಾಗಲೇ ನಾಲ್ಕು ದೇಶ ಸುತ್ತಿ ಬಂದವರ ಬಾಯಲ್ಲಿ. ತಾವು ಉಂಡೆದ್ದ ಮೇಲೆ ಉಪವಾಸದ ಮಹಿಮೆ ಹೇಳುವುದು ಸುಲಭ. ಹೋಗುವುದಾದರೆ ಜೀವಮಾನಕ್ಕೆ ಒಂದೆರಡು ಸಲ, ನಿಧಾನವಾಗಿ, ಒಳಗಿನ ಓಡಾಟವೆಲ್ಲ ರೈಲಿನಲ್ಲಿ. ಪ್ರತಿ ವರ್ಷ ಹೊಸ ದೇಶದ ಪಟ್ಟಿ ತುಂಬುವವರ ಹೊಗೆಯ ಮುಂದೆ ಇದೆಷ್ಟು?

ಆದರೆ ಹೆಬ್ಬಾಳದ ಮಾತು ಇನ್ನೊಂದು ರೀತಿಯಲ್ಲಿ ನಿಜ. ಬ್ಯಾಂಕಾಕಿನ ಪಾರ್ಕಿನಲ್ಲಿ ನಿಮ್ಮನ್ನು ಎಬ್ಬಿಸುವುದು ಆರ್‌.ಟಿ. ನಗರದ ಅದೇ ಕೋಗಿಲೆ, ಅದೇ ಮಡಿವಾಳ. ಖಾವ್ ಯಾಯ್‌ನ ದೊಡ್ಡ ಮಂಗಟ್ಟೆ ನಮ್ಮ ದಾಂಡೇಲಿಯಲ್ಲೂ ಇದೆ. ಯಶವಂತಪುರದಲ್ಲಿ ರಾತ್ರಿ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ, ಬಸ್ಸಿನಲ್ಲಿ ದಾಂಡೇಲಿ ಸೇರಿ, ಮೂರು ದಿನ ನಡೆದು ಬಂದವನಿಗೆ ಪಾಕ್ ಚೊಂಗ್ ಸ್ಟೇಷನ್ನಿನಲ್ಲಿ ಭಯವಾಗುವುದಿಲ್ಲ. ಜಕ್ಕೂರಿನ ಕೆಸರಿನಲ್ಲಿ ಗದ್ದೆಗೊರವಗಳನ್ನು ಬಿಡಿಸಿ ಹೇಳಬಲ್ಲ ಕಣ್ಣಿಗೆ ಪಾಕ್ ತಲೇಯ ಉಪ್ಪು ಗದ್ದೆ ಅರ್ಥವಾಗುತ್ತದೆ.

ನನಗೆ ಪಾಕ್ ತಲೇ ಮುಖ್ಯ ಅನ್ನಿಸುವುದೂ ಇದಕ್ಕೇ. ಚಮಚದಂಥ ಕೊಕ್ಕಿನ ಒಂದು ಪುಟ್ಟ ಗೊರವ, ಜಗತ್ತಿನಲ್ಲಿ ಕೆಲವೇ ನೂರು ಉಳಿದಿರುವಂಥದ್ದು, ರಷ್ಯಾದ ಈಶಾನ್ಯ ತುದಿಯಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಅಲ್ಲಿಗೆ ಬರುತ್ತದೆ. ಅದು ಬರುವುದು ಜನ ಉಪ್ಪು ಬೆಳೆಯುವ ಗದ್ದೆಗೆ. ಥಾಯ್ಲೆಂಡಿನ ಪಕ್ಷಿ ಸಂರಕ್ಷಣಾ ಸಂಘ ಅಲ್ಲಿ ಒಂದಿಷ್ಟು ಜಮೀನು ಕೊಂಡು ಹಕ್ಕಿಗಳಿಗೆಂದು ಉಳಿಸಿದೆ. ಅದನ್ನು ನಿಂತು ನೋಡಿದ ಹುಡುಗ, ಸಂಸ್ಕರಿಸಿದ ಕೊಳಚೆ ನೀರಿನಿಂದ ತುಂಬುವ, ಮೀನುಗಾರರ ತೆಪ್ಪ ಓಡಾಡುವ ಜಕ್ಕೂರು ಕೆರೆಗೆ ಬೇರೆ ಕಣ್ಣಿನಿಂದ ಮರಳುತ್ತಾನೆ. ಮರೆಯಲ್ಲಿ ಕೂತು ಚಿತ್ರ ತೆಗೆದು ಬಂದವರು ಹಾಗೆ ಮರಳಿದ್ದನ್ನು ನಾನು ಕಂಡದ್ದು ಕಡಿಮೆ.

ಇಲ್ಲಿ ಅಂಥವರ ಅಗತ್ಯವಿದೆ. ಹೆಸರಘಟ್ಟದ 5,000 ಎಕರೆಗೂ ಮೀರಿದ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಳ್ಳಿಹಾಕಿತ್ತು. ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ. ಅದರ ಪರವಾದ ವಾದದಲ್ಲಿ ಹವ್ಯಾಸಿಗಳು ವರ್ಷಗಟ್ಟಲೆ ಬರೆದಿಟ್ಟ ಹಕ್ಕಿಪಟ್ಟಿಗಳೂ ಇದ್ದವು. ಯಲಹಂಕದ ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಆಯಿತು. ಹಾಗೆ ಘೋಷಣೆಯಾದ ಮೇಲೂ ನೀರು ಹೇಗಿದೆ, ಯಾವ ಹಕ್ಕಿ ಬರಲಿಲ್ಲ ಎಂದು ವಾರವಾರ ನೋಡುವವರು ಬೇಕು. ಆ ಕೆಲಸವನ್ನು 'ಸುಮ್ನೆ ನೋಡೋರು' ಮಾಡಿಕೊಂಡು ಬಂದಿದ್ದಾರೆ.

ಹಾಗಾಗಿ ಹುಡುಗನಿಗೆ ಅಂದು ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಪ್ಯಾಕೇಜಿನ ರೇಟ್ ಕೇಳುವುದನ್ನು ಬಿಡು. ಈ ವರ್ಷ ದಾಂಡೇಲಿ, ಬರುವ ವರ್ಷ ಪಾಸ್‌ಪೋರ್ಟು. ಅಲ್ಲಿಯವರೆಗೆ ಭಾನುವಾರ ತಪ್ಪಿಸಬೇಡ. ಯಾರಾದರೂ ನೀನು ಬರ್ಡರಾ ಅಂತ ಕೇಳಿದರೆ ಹೌದು ಅನ್ನು. ಅವನು ನಕ್ಕ. ಆಮೇಲೆ ನೋಟ್‌ಬುಕ್ ತೆಗೆದು ಪಾಕ್ ಚೊಂಗ್ ಅನ್ನುವ ಹೆಸರನ್ನು ಇನ್ನೊಂದು ಸಲ ಹೇಳಿ ಸಾರ್ ಅಂದ.