ಥರ್ಮೋಸ್ಟಾಟಿಗೂ ಹೊತ್ತಿನ ಅರಿವಿರಲಿ

ಕೊಡಿಗೇನಹಳ್ಳಿ ಸೀಮೆಯ ಬೇಸಿಗೆಯನ್ನು ಅರಿಯಲು ಸಂಜೆ ಬಂಡೆಯ ಮೇಲೆ ಅಂಗೈ ಇಟ್ಟರೆ ಸಾಕು. ಹಗಲು ಹೀರಿದ ಕಾವನ್ನು ಅದು ಇರುಳಿನಲ್ಲಿ ಬಿಡುತ್ತದೆ. ನಮ್ಮ ಕಾಂಕ್ರೀಟ್ ತಾರಸಿಗಳೂ ಹಾಗೆಯೇ. ಆದ್ದರಿಂದಲೇ ಏರ್ ಕಂಡೀಷನರಿನ ಮಾತು ಹಳ್ಳಿಗೂ ಬಂದಿದೆ.

ಕೋಣೆಯ ಶಾಖವನ್ನಳೆದು ಆ ಯಂತ್ರವನ್ನು ನಡೆಸುವ, ನಿಲ್ಲಿಸುವ ಸಾಧನವೇ ಥರ್ಮೋಸ್ಟಾಟ್. ಅದನ್ನು ಮನೆಯ ಸ್ವಯಂಚಾಲಿತ ವ್ಯವಸ್ಥೆಗೆ ಜೋಡಿಸಿದರೆ, ಕಿಟಕಿ ತೆರೆದಾಗ ಅಥವಾ ಕೋಣೆ ಬರಿದಾದಾಗ ಯಂತ್ರ ತಾನೇ ನಿಲ್ಲುವಂತೆ ಮಾಡಬಹುದು. ಇದನ್ನು ಬರಿಯ ಶೋಕಿಯೆಂದು ತಳ್ಳಿಹಾಕುವುದು ಸರಿಯಲ್ಲ.

ಆದರೆ ಇಷ್ಟೇ ಸಾಲದು. ನೆರೆಯ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರುಗಳ ಸುತ್ತ ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆ ನೆಲದಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ಅದು ವಿದ್ಯುತ್ ಕೊಡುವುದು ಹಗಲಿನಲ್ಲಿ. ನಾವು ತಂಪು ಬೇಡುವುದು ಇರುಳಿನಲ್ಲಿ. ಆಗ ಕಲ್ಲಿದ್ದಲಿನ ಸ್ಥಾವರಗಳನ್ನೇ ಹೆಚ್ಚು ನೆಚ್ಚಬೇಕಾಗುತ್ತದೆ. ಆದುದರಿಂದ ಥರ್ಮೋಸ್ಟಾಟಿಗೆ ಶಾಖದ ಜೊತೆಗೆ ಹೊತ್ತನ್ನೂ ಕಲಿಸಬೇಕು: ಬಿಸಿಲಿರುವಾಗಲೇ ಕೋಣೆಯನ್ನು ತಂಪಾಗಿಸಿ, ಸಂಜೆಯ ಬೇಡಿಕೆ ಏರುವ ವೇಳೆಗೆ ಕೆಲಸವನ್ನು ಫ್ಯಾನಿಗೆ ಒಪ್ಪಿಸಬೇಕು. 24 ಡಿಗ್ರಿಗಿಂತ ಕೆಳಗಿಳಿಸುವ ಅಗತ್ಯವಿಲ್ಲ. 2020ರಿಂದ ಹೊಸ ಯಂತ್ರಗಳಲ್ಲಿ ಮೊದಲೇ ಹೊಂದಿಸಿರುವ ಮಟ್ಟವೂ ಅದೇ.

ಆದರೆ ಗಳಿಸಿದ ತಂಪನ್ನು ಮನೆ ಹಿಡಿದಿಡಬೇಕಲ್ಲವೇ? ನಮ್ಮ ಹಿರಿಯರ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆ ಮತ್ತು ಮಣ್ಣಿನ ಮೇಲ್ಛಾವಣಿ ಹಗಲಿನ ಝಳವನ್ನು ತಡೆಯುತ್ತಿದ್ದವು. ಬರಿಯ ತಾರಸಿಯ ಕೆಳಗೆ ಎಷ್ಟು ಜಾಣ ಸಾಧನವಿದ್ದರೂ ತಂಪು ನಿಲ್ಲದು. ಮೊದಲು ತಾರಸಿಗೆ ಸುಣ್ಣ, ಪಡುವಣ ಗೋಡೆಗೆ ಹೊಂಗೆಯ ನೆರಳು. ಥರ್ಮೋಸ್ಟಾಟ್ ಆಮೇಲೆ ಬರಲಿ.