ನಡುಗಿದ ನೇಪಾಳವೂ ನಮ್ಮ ನೆರವೂ

ಪರದೇಶದಲ್ಲಿ ಭೂಕಂಪವಾಯಿತೆಂಬ ಸುದ್ದಿ ಬಂದೊಡನೆ ನಮ್ಮಲ್ಲಿ ಎರಡು ಬಗೆಯ ಕಳವಳ ಏಳುತ್ತದೆ. ನಮ್ಮವರು ಯಾರಾದರೂ ಅಲ್ಲಿ ಸಿಕ್ಕಿಬಿದ್ದಿರುವರೇ ಎಂಬುದು ಮೊದಲನೆಯದು. ನೊಂದವರಿಗೆ ನಾವೇನು ಮಾಡಬಲ್ಲೆವು ಎಂಬುದು ಎರಡನೆಯದು. ಎರಡೂ ಸಹಜವಾದವು, ಎರಡೂ ಮೆಚ್ಚತಕ್ಕವು. ಆದರೆ ಕಾಲ, ದೂರ, ಭಾರ ಈ ಮೂರರ ಲೆಕ್ಕವಿಲ್ಲದೆ ಕೈಗೊಂಡ ಸಹಾಯವು ಸಂಕಟದಲ್ಲಿರುವವರಿಗೇ ಹೊರೆಯಾಗುವುದುಂಟು. ಕರುಣೆಗೂ ಗಣಿತ ಬೇಕು. ಈ ಮಾತನ್ನು 2015ರ ನೇಪಾಳದ ಭೂಕಂಪದಷ್ಟು ಸ್ಪಷ್ಟವಾಗಿ ತಿಳಿಸುವ ನಿದರ್ಶನಗಳು ಕೆಲವೇ.

ಆ ವರ್ಷದ ಏಪ್ರಿಲ್ 25ರಂದು, ಶನಿವಾರ, ನೇಪಾಳದ ಗಡಿಯಾರಗಳಲ್ಲಿ 11 ಗಂಟೆ 56 ನಿಮಿಷವಾಗಿದ್ದಾಗ, ಗೋರ್ಖಾ ಜಿಲ್ಲೆಯಲ್ಲಿ 7.8ರ ಪರಿಮಾಣದ ಕಂಪನ ಹುಟ್ಟಿತು. ಸುಮಾರು ಒಂಬತ್ತು ಸಾವಿರ ಜನ ಮಡಿದರು; ಸುಮಾರು ಐದು ಲಕ್ಷ ಮನೆಗಳು ನೆಲಸಮವಾದವು. ಇದರ ಕಾರಣ ನಮಗೆ ದೂರದ್ದೇನೂ ಅಲ್ಲ. ಭಾರತವನ್ನು ಹೊತ್ತಿರುವ ಭೂಫಲಕವು ಉತ್ತರಕ್ಕೆ ಸರಿಯುತ್ತ, ಹಿಮಾಲಯದ ಬುಡದಲ್ಲಿ ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರಿನಂತೆ ಒಳತೂರುತ್ತಿದೆ. ಘರ್ಷಣೆಯಿಂದ ಕಚ್ಚಿಕೊಂಡ ಶಿಲೆಗಳು ಬಹುಕಾಲ ಜಗ್ಗದೆ ನಿಲ್ಲುತ್ತವೆ. ಒತ್ತಡ ಮಿತಿಮೀರಿದ ದಿನ ಹಠಾತ್ತನೆ ಜಾರುತ್ತವೆ. ರಾಜಾಜಿನಗರದ ನೆಲವೂ ನೇಪಾಳದ ಬೆಟ್ಟಗಳ ಅಡಿಗೆ ನುಗ್ಗುತ್ತಿರುವ ನೆಲವೂ ಒಂದೇ ಹಲಗೆಯ ಎರಡು ತುದಿಗಳೆನ್ನಬಹುದು. ದೇಶದ ಗಡಿಯನ್ನು ನಾವು ಎಳೆದುಕೊಂಡಿದ್ದೇವೆಯೇ ಹೊರತು ಭೂಮಿ ಅದನ್ನು ಅರಿಯದು.

ಇನ್ನು ಕಾಲದ ಲೆಕ್ಕ. ಕುಸಿದ ಕಟ್ಟಡದಡಿ ಸಿಲುಕಿದವರಲ್ಲಿ ಬದುಕುಳಿಯುವವರ ಸಂಖ್ಯೆ ಗಂಟೆಗಂಟೆಗೂ ಇಳಿಯುತ್ತದೆ. ಮೂರು ದಿನಗಳಾಚೆಗೆ ಜೀವಂತ ಸಿಕ್ಕುವವರು ವಿರಳ. ನೇಪಾಳಕ್ಕೆ ಭಾರತದ ರಾಷ್ಟ್ರೀಯ ವಿಪತ್ತು ಪರಿಹಾರ ಪಡೆ ಅಂದೇ ಹೊರಟು ಅಂದೇ ತಲಪಿತು. ಅನಂತರ ಬೇರೆ ಬೇರೆ ದೇಶಗಳಿಂದ ಎಪ್ಪತ್ತಕ್ಕೂ ಹೆಚ್ಚು ಶೋಧ ತಂಡಗಳು, ನಾಯಿಗಳು ಮತ್ತು ಯಂತ್ರಗಳೊಡನೆ ಬಂದವು. ಅವೆಲ್ಲವೂ ಸೇರಿ ಅವಶೇಷಗಳಡಿಯಿಂದ ಜೀವಸಹಿತ ಹೊರತೆಗೆದವರ ಸಂಖ್ಯೆ 16. ತಂಡಗಳ ದಕ್ಷತೆಯನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಸಾವಿರಾರು ಜನರನ್ನು ಅದಕ್ಕೆ ಮೊದಲೇ ನೆರೆಮನೆಯವರು ಬರಿಗೈಯಿಂದ, ಗುದ್ದಲಿಯಿಂದ, ತೊಲೆಯ ತುಂಡುಗಳಿಂದ ಎತ್ತಿ ಉಳಿಸಿದ್ದರು. ಮೊದಲ ರಕ್ಷಕನು ಎಲ್ಲೆಲ್ಲಿಯೂ ನೆರೆಯವನೇ. ದೂರದಿಂದ ಬರುವ ಪರಿಣತರ ನಿಜವಾದ ಬೆಲೆ ಗಾಯಾಳುಗಳ ಶುಶ್ರೂಷೆಯಲ್ಲಿ ಹೆಚ್ಚಾಗಿ ಕಾಣುತ್ತದೆ. 2023ರ ಫೆಬ್ರವರಿಯಲ್ಲಿ ತುರ್ಕಿಯ ಇಸ್ಕೆಂದರೂನ್ ಪಟ್ಟಣದಲ್ಲಿ ನಮ್ಮ ಸೈನ್ಯವು ತೆರೆದ ಆಸ್ಪತ್ರೆ ಸಾವಿರಾರು ರೋಗಿಗಳಿಗೆ ಚಿಕಿತ್ಸೆ ನೀಡಿತು.

ದೂರ ಮತ್ತು ಭಾರಗಳ ಲೆಕ್ಕವೂ ಅಷ್ಟೇ ಕಠಿಣ. ಕಾಠ್ಮಂಡುವಿನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕಿದ್ದುದು ಒಂದೇ ಓಡುದಾರಿ. ಜಗತ್ತಿನ ನಾನಾ ಕಡೆಯ ವಿಮಾನಗಳು ಅದಕ್ಕೆ ಮುಗಿಬಿದ್ದುವು. ಇಳಿಯಲು ಸ್ಥಳವಿಲ್ಲದೆ ಹಲವು ಹಿಂದಿರುಗಿದುವು. ಮೇ 3ರಂದು, ಓಡುದಾರಿಗೆ ಹಾನಿಯಾದುದರಿಂದ, ದೊಡ್ಡ ವಿಮಾನಗಳಿಗೆ ಪ್ರವೇಶವನ್ನೇ ನಿಲ್ಲಿಸಬೇಕಾಯಿತು. ಇಂಥ ಇಕ್ಕಟ್ಟಾದ ಬಾಗಿಲಿನಲ್ಲಿ ಒಂದು ಗಂಟು ಹಳೆಯ ಬಟ್ಟೆ ಒಳಹೊಕ್ಕರೆ ಒಂದು ಪೆಟ್ಟಿಗೆ ಔಷಧಿ ಹೊರಗುಳಿಯುತ್ತದೆ. ಅಲ್ಲಿ ಬೇಕಾಗಿದ್ದುದು ಮಳೆಗಾಲ ಬರುವ ಮುನ್ನ ತಲೆಯ ಮೇಲೊಂದು ಹೊದಿಕೆ: ಟಾರ್ಪಾಲು, ತಗಡು, ಹಗ್ಗ. 2004ರ ಸುನಾಮಿಯ ಬಳಿಕ ತಮಿಳುನಾಡಿನ ಕರಾವಳಿಯಲ್ಲಿ ಯಾರೂ ತೊಡಲಾರದ ಹಳೆಯ ಬಟ್ಟೆಗಳು ರಸ್ತೆಬದಿಯಲ್ಲಿ ರಾಶಿಬಿದ್ದುದನ್ನು ಮರೆಯಲಾಗದು. ದಾನ ಮಾಡಿದವರ ಮನೆಯ ಕಪಾಟು ಖಾಲಿಯಾಯಿತು. ಪಡೆದವರಿಗೆ ಕಸ ಎತ್ತುವ ಕೆಲಸ ಹೆಚ್ಚಿತು.

ಆದುದರಿಂದ, ವಿಜಯನಗರದ ಅಥವಾ ಕೆಂಗೇರಿಯ ಕಾಲೇಜಿನಲ್ಲಿ ಪರದೇಶದ ಭೂಕಂಪಕ್ಕೆಂದು ನೆರವು ಕೂಡಿಸುವವರು ವಸ್ತುಗಳ ಬದಲು ಹಣವನ್ನೇ ಕೂಡಿಸಿ, ರೆಡ್ ಕ್ರಾಸಿನಂಥ ಅನುಭವಸ್ಥ ಸಂಸ್ಥೆಗೆ ಒಪ್ಪಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಹಣಕ್ಕೆ ಭಾರವಿಲ್ಲ, ಅದು ಬೇಗ ತಲಪುತ್ತದೆ, ಹತ್ತಿರದ ಪೇಟೆಯಲ್ಲಿಯೇ ಬೇಕಾದುದನ್ನು ಕೊಳ್ಳಬಹುದಾದ್ದರಿಂದ ಅಲ್ಲಿನ ವ್ಯಾಪಾರಿಗಳೂ ಚೇತರಿಸಿಕೊಳ್ಳುತ್ತಾರೆ.

ಇದಕ್ಕೆ ಎರಡು ಆಕ್ಷೇಪಗಳುಂಟು. ಹಣ ಸೋರಿಹೋಗುತ್ತದೆ, ಬಟ್ಟೆಯಾದರೋ ಬಡವನಿಗೇ ಸೇರುತ್ತದೆ ಎಂಬುದು ಒಂದು. ಹಣದ ದುರುಪಯೋಗ ಸುಳ್ಳಲ್ಲ. ಆದರೆ ಲೆಕ್ಕ ಕೇಳಿ ಅದನ್ನು ತಡೆಯಬಹುದು. ಬಟ್ಟೆಯ ಗಂಟು ಗೋದಾಮಿನಲ್ಲಿ ಕೊಳೆತರೆ ಲೆಕ್ಕ ಕೇಳುವವರೇ ಇಲ್ಲ. ತಮ್ಮ ಕೈಯಾರೆ ವಸ್ತುವನ್ನು ಕೊಟ್ಟಾಗಲೇ ಮಕ್ಕಳ ಹೃದಯ ಮೃದುವಾಗುತ್ತದೆ ಎಂಬುದು ಇನ್ನೊಂದು. ಈ ಮಾತಿನಲ್ಲಿ ಸತ್ಯವಿದೆ. ಕೈಯಾರೆ ಕೊಡಬೇಕೆಂಬ ಆಸೆಯಿದ್ದರೆ, ಕೊಡಲು ತಕ್ಕ ಕೈ ಇಲ್ಲಿಯೇ ಇದೆ.

ನಮ್ಮ ಬೀದಿಗಳಲ್ಲಿ ರಾತ್ರಿ ಸೀಟಿ ಊದುತ್ತ ತಿರುಗುವ ಕಾವಲುಗಾರನನ್ನು ನಾವು 'ಗೂರ್ಖಾ' ಎಂದು ಕರೆಯುತ್ತ ಬಂದಿದ್ದೇವೆ. ಆ ಹೆಸರಿನ ಮೂಲ, ಭೂಕಂಪ ಹುಟ್ಟಿದ ಅದೇ ಗೋರ್ಖಾ. ಇಂದು ಕಾವಲು ಕಾಯುವವರೆಲ್ಲರೂ ನೇಪಾಳದವರಲ್ಲ. ಆದರೂ ಬಸವೇಶ್ವರನಗರದ ವಸತಿ ಸಮುಚ್ಚಯಗಳ ಬಾಗಿಲಲ್ಲಿ, ರಾಜಾಜಿನಗರದ ಹೋಟೆಲುಗಳ ಅಡಿಗೆಮನೆಯಲ್ಲಿ ನೇಪಾಳಿಗರನ್ನು ಕಾಣುವುದು ಅಪರೂಪವಲ್ಲ. ಹೊರದೇಶಗಳಲ್ಲಿ ದುಡಿಯುವವರು ಮನೆಗೆ ಕಳುಹಿಸುವ ಹಣ ನೇಪಾಳದ ಒಟ್ಟು ಉತ್ಪನ್ನದ ಸುಮಾರು ಕಾಲುಭಾಗದಷ್ಟಿದೆ. ಕುಸಿದ ಮನೆಯನ್ನು ಮತ್ತೆ ಎಬ್ಬಿಸುವುದು ಬಹುಮಟ್ಟಿಗೆ ಇಂಥವರ ದುಡಿಮೆಯೇ. ಯಾವ ಊರಿಗೆ ಏನು ಬೇಕು, ಯಾರ ಮನೆ ಬಿದ್ದಿದೆ ಎಂಬುದು ಅವರಿಗೆ ತಿಳಿದಷ್ಟು ಇಲ್ಲಿ ಬೇರೆ ಯಾರಿಗೆ ತಿಳಿದೀತು? ಅವರಿಗೆ ಬೇಕಾದುದು ಒಂದೆರಡು ತಿಂಗಳ ಸಂಬಳ ಮುಂಗಡ, ರಜೆ, ಮರಳಿ ಬಂದಾಗ ಕೆಲಸ ಉಳಿದಿರುವುದೆಂಬ ಭರವಸೆ, ಯಶವಂತಪುರದಿಂದ ಗೋರಖ್‌ಪುರಕ್ಕೆ ಒಂದು ರೈಲು ಟಿಕೆಟ್ಟು. ಅಲ್ಲಿಂದ ಸೋನೌಲಿಯ ಗಡಿ ದಾಟಿದರೆ ಅವರ ನಾಡು. ನೇಪಾಳಕ್ಕೆ ಕಂಬಳಿ ಕಳುಹಿಸುವ ಸಮುಚ್ಚಯವು ತನ್ನ ಬಾಗಿಲಲ್ಲಿ ನಿಂತಿರುವವನನ್ನು ನಿನ್ನ ಮನೆಯವರು ಕ್ಷೇಮವೇ ಎಂದು ಕೇಳದೆಹೋದರೆ, ಆ ದಾನದಲ್ಲಿ ಏನೋ ಕೊರತೆಯಿದೆಯೆಂದೇ ಹೇಳಬೇಕು.

ನೆರವು ಪಡೆಯುವುದಕ್ಕೂ ತಿಳಿವಳಿಕೆ ಅಗತ್ಯ. ಕಾಠ್ಮಂಡುವಿನ ಪಶುಪತಿನಾಥ ದೇವಾಲಯದ ಮುಖ್ಯ ಅರ್ಚಕರು ಕರ್ನಾಟಕದಿಂದ ಹೋದ ಭಟ್ಟರಾಗಿರುವುದು ಬಹುಕಾಲದ ಸಂಪ್ರದಾಯ. ಯಾತ್ರೆಗೆಂದು ಅಲ್ಲಿಗೆ ಹೋಗುವ ಕನ್ನಡಿಗರೂ ಬಹಳ. 2015ರಲ್ಲಿ ಸಿಲುಕಿದ ಕನ್ನಡಿಗರನ್ನು ವಾಯುಸೇನೆಯ ವಿಮಾನಗಳಲ್ಲಿ, ಬಸ್ಸುಗಳಲ್ಲಿ ಭಾರತಕ್ಕೆ ಕರೆತರಲಾಯಿತು. ಆದರೆ ನೇಪಾಳಕ್ಕೆ ಹೋಗುವ ಭಾರತೀಯನಿಗೆ ವೀಸಾ ಬೇಕಿಲ್ಲ. ಆದಕಾರಣ ಆ ದಿನ ಎಲ್ಲಿ ಯಾರಿದ್ದಾರೆಂಬ ಪೂರ್ಣ ಪಟ್ಟಿ ಯಾವ ಸರ್ಕಾರದಲ್ಲಿಯೂ ಇರಲಾರದು. ಯಾತ್ರಿಕನ ಹೆಸರು, ತಂಗಿದ ಸ್ಥಳ, ಜೊತೆಗಾರರ ವಿವರ ಇವನ್ನು ಬರೆದಿಟ್ಟುಕೊಳ್ಳಬೇಕಾದವರು ಮನೆಯವರು. ವಿಪತ್ತಿನ ಸುದ್ದಿ ಬಂದಾಗ ಕುಟುಂಬದ ಒಬ್ಬರೇ ರಾಯಭಾರ ಕಚೇರಿಯನ್ನೂ ರಾಜ್ಯದ ಸಹಾಯವಾಣಿಯನ್ನೂ ಸಂಪರ್ಕಿಸಲಿ. ಹತ್ತು ಜನ ಬಂಧುಗಳು ಒಬ್ಬನ ಮೊಬೈಲಿಗೆ ಮೇಲಿಂದ ಮೇಲೆ ಕರೆ ಮಾಡಿದರೆ ಅವನ ಬ್ಯಾಟರಿ ಬರಿದಾಗುತ್ತದೆ, ದೂರವಾಣಿ ಜಾಲವೂ ಕಟ್ಟಿಕೊಳ್ಳುತ್ತದೆ. ಮಾತಿನ ಕರೆಗೆ ಸಂಪರ್ಕ ನಿರಂತರವಾಗಿ ದೊರೆಯಬೇಕು. ಕಿರುಸಂದೇಶವಾದರೋ ಸರದಿಯಲ್ಲಿ ಕಾದಿದ್ದು, ಎಡೆ ಸಿಕ್ಕಾಗ ನುಸುಳಿ ಹೋಗುತ್ತದೆ. "ಕ್ಷೇಮ, ಇಂಥಲ್ಲಿದ್ದೇನೆ" ಎಂಬ ಒಂದು ಸಾಲು ಸಾಕು.

ಕೊನೆಯದಾಗಿ, ವಿದ್ಯಾರ್ಥಿಗಳಿಗೆ ಒಂದು ಮಾತು. ಭೂಕಂಪದ ಮೊದಲ ಗಂಟೆಯಲ್ಲಿ ಜೀವ ಉಳಿಸುವವನು ನೆರೆಯವನೆಂದಾದರೆ, ನೀವೂ ಯಾರಿಗೋ ನೆರೆಯವರು. ದಕ್ಷಿಣದ ಪ್ರಸ್ಥಭೂಮಿ ಅಲುಗದ ನೆಲವೆಂಬ ನಂಬಿಕೆಯನ್ನು 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿಯ ಭೂಕಂಪ ಒಡೆದುಹಾಕಿತು. ಆ ಊರು ನಮ್ಮ ಬೀದರ ಜಿಲ್ಲೆಗೆ ಬಹು ದೂರವಿಲ್ಲ. ಬೆಂಗಳೂರಿನಲ್ಲಿ ಅಪಾಯ ಹಿಮಾಲಯದಷ್ಟಿಲ್ಲ. ಆದರೆ ಕಟ್ಟಡ ಕುಸಿಯಲು ಭೂಕಂಪವೇ ಆಗಬೇಕೆಂದೇನೂ ಇಲ್ಲ. ರಕ್ತ ನಿಲ್ಲಿಸುವುದು, ಮುರಿದ ಮೂಳೆಗೆ ದಬ್ಬೆ ಕಟ್ಟುವುದು, ಉಸಿರು ನಿಂತವನ ಎದೆಯೊತ್ತುವುದು, ಇವು ಕೆಲವು ದಿನಗಳಲ್ಲಿ ಕಲಿಯಬಹುದಾದ ವಿದ್ಯೆಗಳು. ಕಾಲೇಜುಗಳ ಯುವ ರೆಡ್ ಕ್ರಾಸ್ ಮತ್ತು ರಾಷ್ಟ್ರೀಯ ಸೇವಾ ಯೋಜನೆಯ ಘಟಕಗಳು ಇರುವುದು ಇಂಥ ಕೆಲಸಕ್ಕೇ. ಮುಂದೆ ಎಲ್ಲಿಯೇ ಭೂಮಿ ನಡುಗಿದ ಸುದ್ದಿ ಬರಲಿ, ಹಳೆಯ ಬಟ್ಟೆಯ ಗಂಟು ಕಟ್ಟುವ ಮೊದಲು, ಆ ನಾಡಿನವರು ನಮ್ಮ ಬೀದಿಯಲ್ಲಿ ಯಾರಿದ್ದಾರೆಂದು ವಿಚಾರಿಸೋಣ.