ಯಾವ ಹೊಸಹಳ್ಳಿ?

ಕರ್ನಾಟಕದ ಪೊಲೀಸ್ ಮಹಾನಿರ್ದೇಶಕರಿಗೆ,



ಹೋದ ಕಾರ್ತಿಕದ ಒಂದು ರಾತ್ರಿ ನಮ್ಮೂರ ಗೇಟಿನಲ್ಲಿ ಬೈಕೊಂದು ಕಬ್ಬಿನ ಟ್ರ್ಯಾಕ್ಟರಿನ ಹಿಂಬದಿಗೆ ಗುದ್ದಿತು. 112ಕ್ಕೆ ಫೋನ್ ಮಾಡಿದವನು ನಾನು. ‘ಬೇಗ ಬನ್ನಿ, ಹುಡುಗ ಬಿದ್ದವ್ನೆ, ಟ್ರ್ಯಾಕ್ಟರಿಗೆ ಲೈಟೇ ಇರ್ಲಿಲ್ಲ, ಜನ ಡ್ರೈವರನ್ನ ಹಿಡ್ಕೊಂಡು ಹೊಡೀತಾವ್ರೆ’ ಎಂದು ಒಂದೇ ಉಸಿರಿಗೆ ಒದರಿದೆ.

‘ಎಲ್ಲಿ ಸಾರ್?’ ಎಂದರು ಆ ಕಡೆಯ ಹೆಣ್ಣುಮಗಳು.

‘ಹೊಸಹಳ್ಳಿ ಗೇಟು.’

‘ಯಾವ ಹೊಸಹಳ್ಳಿ?’

ನನಗೆ ರೇಗಿತು. ನನಗಿರುವುದು ಒಂದೇ ಹೊಸಹಳ್ಳಿ. ಅವರಿಗೋ ರಾಜ್ಯದ ತುಂಬ ಹೊಸಹಳ್ಳಿಗಳು. ಹೋಬಳಿ ಕೇಳಿದರು, ಕಸಬಾ ಎಂದೆ. ಕಸಬಾ ಹೋಬಳಿ ಇಲ್ಲದ ತಾಲ್ಲೂಕನ್ನು ಹುಡುಕಬೇಕು! ಕೊನೆಗೆ ಪಕ್ಕದಲ್ಲಿದ್ದ ಟೀ ಅಂಗಡಿಯವನು ಫೋನ್ ಕಿತ್ತುಕೊಂಡು ತಾಲ್ಲೂಕು, ಕಿಲೋಮೀಟರ್ ಕಲ್ಲಿನ ಅಂಕಿ ಎರಡನ್ನೂ ಹೇಳಿದ. ಹುಡುಗ ಬದುಕಿದ್ದಾನೆ.

ತಪ್ಪು ನನ್ನದೇ. ಅರ್ಜಿ ಬರೆಯುವಾಗ ಗ್ರಾಮ, ಹೋಬಳಿ, ತಾಲ್ಲೂಕು ಎಂದು ತಾನಾಗಿ ಓಡುವ ಕೈ ಅಂದು ಫೋನ್ ಹಿಡಿದು ನಡುಗುತ್ತಿತ್ತು. ಫೋನೇ ಜಾಗ ತೋರಿಸುತ್ತದಲ್ಲ ಎನ್ನುವವರಿದ್ದಾರೆ. ಹಳ್ಳಿಗಾಡಿನಲ್ಲಿ ಒಂದು ಟವರಿನ ಕೆಳಗೆ ಮೂರ್ನಾಲ್ಕು ಊರು ಬಂದುಬಿಡುತ್ತವೆ. ಹೆಸರಿನ ಗೊಂದಲದಲ್ಲಿ ಬೆಂಗಳೂರಿನ ಪಾಡೂ ಅಷ್ಟೇ, ಐದನೇ ಕ್ರಾಸು ಯಾವ ಬಡಾವಣೆಯಲ್ಲಿಲ್ಲ?

ಪೊಲೀಸರಿಗೆ 100, ಬೆಂಕಿಗೆ 101, ಆಂಬ್ಯುಲೆನ್ಸಿಗೆ 108 ಎಂದು ಬಾಯಿಪಾಠ ಮಾಡಿದ್ದ ನಮಗೆ ಎಲ್ಲದಕ್ಕೂ 112 ಎಂದು ಹೇಳಿಕೊಟ್ಟಿರಿ. ಒತ್ತಿದ ಮೇಲೆ ಏನು ಹೇಳಬೇಕೆಂದು ಯಾರೂ ಹೇಳಿಕೊಡಲಿಲ್ಲ. ಕರೆ ತೆಗೆದುಕೊಳ್ಳುವವರು ಬರೆದುಕೊಂಡದ್ದನ್ನು ನೋಡಿಯೇ ಇನ್ನೊಬ್ಬರು ಗಾಡಿ ಕಳಿಸುತ್ತಾರೆ ಎನ್ನುವುದೂ ಜನಕ್ಕೆ ಗೊತ್ತಿಲ್ಲ. ಪ್ರಶ್ನೆ ಕೇಳಿದರೆ ಕಾಲಹರಣ ಎಂದುಕೊಂಡು ಬೈದು ಫೋನಿಡುತ್ತಾರೆ.

ಆದ್ದರಿಂದ ನಿಮ್ಮ ಗಾಡಿಗಳ ಮೇಲೆ, ಫಲಕಗಳ ಮೇಲೆ 112ರ ಕೆಳಗೆ ಒಂದು ಸಾಲು ಬರೆಸಿ: ‘ಮೊದಲು ಜಾಗ ಹೇಳಿ, ಆಮೇಲೆ ಸಂಗತಿ.’ ನಡುವೆ ಸಿಗ್ನಲ್ ಹೋದರೂ ಗಾಡಿ ಹೊರಡಲು ಒಂದು ದಿಕ್ಕಾದರೂ ಸಿಕ್ಕಿರುತ್ತದೆ. ಯಾರಿಗೆ ಏಟಾಗಿದೆ, ಯಾರ ಕೈಯಲ್ಲಾದರೂ ಮಚ್ಚು ಇದೆಯೇ, ಓಡಿದವನು ಯಾವ ಕಡೆ ಹೋದ, ಇವೆಲ್ಲ ಎರಡನೆಯ ಉಸಿರಿಗೆ.

ಇನ್ನೊಂದು ಕೋರಿಕೆ. ನಮ್ಮೂರ ಗೇಟಿನ ಬಸ್ ತಂಗುದಾಣದ ಮೇಲೆ ಶಾಸಕರ ಹೆಸರಿದೆ, ಸಂಸದರ ಹೆಸರಿದೆ, ಯಾವ ಅನುದಾನವೆಂದೂ ಇದೆ. ಊರಿನ ಹೆಸರಿಲ್ಲ. ಪರಊರಿನವನು ಅಲ್ಲಿ ನಿಂತು ಫೋನ್ ಮಾಡಿದರೆ ಏನೆಂದು ಹೇಳಿಯಾನು? ಬೀಟ್ ಪೊಲೀಸರು ಹೇಗೂ ಸುತ್ತುತ್ತಾರೆ. ಇಂಥ ಗೇಟುಗಳನ್ನು ಗುರುತಿಸಿ, ಊರು, ತಾಲ್ಲೂಕು ಎರಡನ್ನೂ ಬರೆಸುವಂತೆ ಪಂಚಾಯ್ತಿಗಳಿಗೆ ತಿಳಿಸಲು ಒಂದು ಸುತ್ತೋಲೆ ಹೊರಡಿಸಿ. ನಮ್ಮೂರಿನ ಮಟ್ಟಿಗೆ ಬಣ್ಣದ ಡಬ್ಬಿ ನಾನೇ ತಂದಿಟ್ಟಿದ್ದೇನೆ. ಶಾಸಕರ ಹೆಸರಿನ ಮೇಲೆ ಬರೆಯಬಹುದೋ ಇಲ್ಲವೋ, ಅದೊಂದು ತಿಳಿಸಿ.

ಇತಿ ತಮ್ಮ ವಿಶ್ವಾಸಿ,
ಹೊಸಹಳ್ಳಿಯ ಒಬ್ಬ ರೈತ